ಪ್ರಾಯ ಸಂದ ಕೋಣಕ್ಕೆ ಓಟದ ಪಾಠ



ಕಳೆದ ತಿಂಗಳು ಈ ಪುಟದಲ್ಲಿ ಹಿತ್ತಿಲ ಬಸಳೆಯ ಚಪ್ಪರದ ವಿಷಯವನ್ನು ಬರೆದಿದ್ದೆನಷ್ಟೆ. ಅದನ್ನೋದಿದ ಸಹೋದರಿಯೊಬ್ಬರು, “ಬಳ್ಳಿಗೆ ಒಂದು ಪುಟವನ್ನು ಕೊಟ್ಟವರು ಹಟ್ಟಿಯ ಮೂಕಜೀವಗಳಿಗೂ ಒಂದು ಪುಟವನ್ನು ಕೊಡಬಾರದೇ?” ಎಂದು ಬರೆದು ಕೇಳಿದ್ದಾರೆ. ಕೇಳಿದುದು ನ್ಯಾಯವಾಗಿದೆ. ಅದು ಕಾರಣ ಈ ತಿಂಗಳು ನಮ್ಮ ಬಂಧುವರ್ಗದ ಒಂದು ಮನೆಯಲ್ಲಿ ನಡೆದ ಸಂಗತಿಯನ್ನೇ ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ವಿಷಯವು ಕಂಬಳದ ಕೋಣಕ್ಕೆ ಸಂಬಂಧಿಸಿದುದು. ಕಂಬಳವೆಂದರೆ ಗಂಡಸರ ಮಾತು, ಗೃಹಿಣಿಯರಿಗೆ ಅದರಿಂದೇನು ಎಂದು ಯಾರೂ ಪುಟವನ್ನು ಮಗುಚಬಾರದು. ಆ ಕೋಣವು ಓಡಿದುದೂ ನಿಂತುದೂ ಒಬ್ಬ ಮುದುಕಿಯ ಮಾತಿನಿಂದಲೇ ಎಂಬುದು ಕಡೆಯಲ್ಲಿ ತಿಳಿದುಬರುವುದು.

ಉಡುಪಿಯಿಂದ ಹೆದ್ದಾರಿಯನ್ನು ಹಿಡಿದು ಬಡಗಲಾಗಿ ಹೋದರೆ ಸುವರ್ಣಾ ನದಿಯ ಸೇತುವೆಗಿಂತ ಮೊದಲೇ ಸಂತೆಕಟ್ಟೆ ಸಿಗುತ್ತದೆ. ಈಗ ಅಲ್ಲಿ ಅಂಗಡಿಗಳ ಸಾಲೂ ವಾಹನಗಳ ಗದ್ದಲವೂ ಎಷ್ಟೆಂದರೆ, ಹತ್ತಿರದಲ್ಲಿ ಬೈಲುಗದ್ದೆಗಳಿವೆಯೆಂದರೆ ಹೊಸಬರು ನಂಬಲಾರರು. ಆದರೂ ಪೇಟೆಯಿಂದ ಒಳಕ್ಕೆ ಸರಿದು ಹೊಳೆಯ ಕಡೆಗೆ ನಡೆದರೆ ತೆಂಗಿನ ತೋಟಗಳ ನಡುವೆ ಗದ್ದೆಗಳು ಉಳಿದುಕೊಂಡಿವೆ. ಅಂತಹ ಒಂದು ಬೈಲಿನ ಅಂಚಿನಲ್ಲಿ ನನ್ನ ಸೋದರತ್ತೆಯ ಮನೆ. ಮೂರು ಮುಡಿ ಬಿತ್ತನೆಯ ಗದ್ದೆ, ಒಂದು ಕೆರೆ, ಹುಲ್ಲು ಹೊದಿಸಿದ್ದ ಹಳೆಯ ಹಟ್ಟಿಗೆ ಈಚೆಗೆ ಹೆಂಚು. ಅತ್ತೆಗೆ ಎಪ್ಪತ್ತೆಂಟು ವರ್ಷ. ನೆರೆಕರೆಯವರೆಲ್ಲ ಟಿಲ್ಲರನ್ನು ತರಿಸಿ ಉಳುವುದಕ್ಕೆ ತೊಡಗಿದ ಮೇಲೆಯೂ ಅವರು ಒಂದು ಜೊತೆ ಕೋಣಗಳನ್ನು ಬಿಡಲಿಲ್ಲ. ಒಂದರ ಹೆಸರು ಬೊಳ್ಳ, ಇನ್ನೊಂದರದು ದೂಜ. ಒಂಬತ್ತು ವರ್ಷಗಳ ಹಿಂದೆ ಎರಡು ಹಲ್ಲು ಬಂದಿದ್ದ ಕರುಗಳಾಗಿ ಆ ಮನೆಗೆ ಬಂದವು ಅವು.

ಹಲ್ಲಿನ ಲೆಕ್ಕವನ್ನು ಅರಿಯದವರಿಗಾಗಿ ಇಲ್ಲಿ ಎರಡು ಮಾತು. ಕೋಣಕ್ಕೆ ಮುಂದಿನ ಹಲ್ಲುಗಳು ಕೆಳದವಡೆಯಲ್ಲಿ ಮಾತ್ರ ಇರುತ್ತವೆ. ಮೇಲ್ಗಡೆ ಗಟ್ಟಿಯಾದ ವಸಡೇ ಹೊರತು ಮುಂದಿನ ಹಲ್ಲಿಲ್ಲ. ಹಾಲುಹಲ್ಲು ಬಿದ್ದು ಮೊದಲನೆಯ ಜೊತೆ ಶಾಶ್ವತವಾದ ಹಲ್ಲುಗಳು ಬರುವಾಗ ಅದಕ್ಕೆ ಸುಮಾರು ಮೂರು ವರ್ಷವಾಗಿರುತ್ತದೆ. ನಾಲ್ಕು ಜೊತೆಯೂ ಬಂದು ಬಾಯಿ ಕೂಡುವಷ್ಟರಲ್ಲಿ ಐದಾರು ವರ್ಷ. ಅಲ್ಲಿಂದ ಮೇಲೆ ಹಲ್ಲು ಸವೆಯುವುದಲ್ಲದೆ ಹೊಸತು ಬರುವುದಿಲ್ಲ. ಆದುದರಿಂದ ಬಾಯಿ ಕೂಡಿದ ಕೋಣದ ಪ್ರಾಯವನ್ನು ಮನೆಯವರ ನೆನಪಿನಿಂದಲ್ಲದೆ ನಿಶ್ಚಯವಾಗಿ ಹೇಳುವುದು ಕಷ್ಟ. ಅತ್ತೆಯ ನೆನಪಿನ ಪ್ರಕಾರ ದೂಜನಿಗೆ ಹನ್ನೆರಡು ತುಂಬಿತ್ತು.

ಹೋದ ವರ್ಷದ ಮಳೆಗಾಲದ ನಡುವೆ ಬೊಳ್ಳ ಸತ್ತುಹೋಯಿತು. ಎರಡು ದಿನ ಜ್ವರ, ಗಂಟಲಿನ ಬಾವು, ಮೂರನೆಯ ದಿನ ಬೆಳಗಾಗುವಷ್ಟರಲ್ಲಿ ಮುಗಿಯಿತು. ಗಳಲೆ ರೋಗವೆಂದು ಪಶುವೈದ್ಯರು ಹೇಳಿದರು. ಮಳೆ ಹಿಡಿಯುವ ಮೊದಲೇ ಚುಚ್ಚುಮದ್ದನ್ನು ಹಾಕಿಸಬೇಕಾಗಿತ್ತು. ಇವತ್ತು ನಾಳೆ ಎಂದು ಮುಂದಕ್ಕೆ ಹಾಕಿದುದು ನಮ್ಮವರದೇ ತಪ್ಪು. ಹಟ್ಟಿಯಲ್ಲಿ ಎಮ್ಮೆ ಕೋಣಗಳನ್ನು ಸಾಕುವ ವಾಚಕರು ಬೇರೆ ಯಾವುದನ್ನು ಮರೆತರೂ ಈ ಒಂದನ್ನು ಮರೆಯಬಾರದೆಂದು ಕೈಮುಗಿದು ಹೇಳುತ್ತೇನೆ. ಈ ರೋಗವು ದನಗಳಿಗಿಂತ ಎಮ್ಮೆ ಕೋಣಗಳನ್ನು ಹೆಚ್ಚಾಗಿ ಹಿಡಿಯುತ್ತದೆ. ಹಿಡಿದ ಮೇಲೆ ಚಿಕಿತ್ಸೆಗೆ ಅವಕಾಶವನ್ನೇ ಕೊಡುವುದಿಲ್ಲ.

ಜೊತೆಯನ್ನು ಕಳೆದುಕೊಂಡ ದೂಜ ಮೇವನ್ನು ಬಿಟ್ಟಿತು. ಒಂಬತ್ತು ವರ್ಷ ಒಂದೇ ನೊಗದಡಿಯಲ್ಲಿ ನಡೆದು, ಒಂದೇ ಬಾನಿಯಲ್ಲಿ ಅಕ್ಕಚ್ಚು ಕುಡಿದ ಜೀವಕ್ಕೆ ದುಃಖವಾಗುವುದಿಲ್ಲವೆಂದು ಯಾರು ಹೇಳಬಲ್ಲರು? ಬೈಹುಲ್ಲನ್ನು ಮೂಸಿ ಬಿಡುವುದು, ಖಾಲಿ ಗೂಟದ ಕಡೆಗೆ ಮುಖಮಾಡಿ ನಿಲ್ಲುವುದು, ಮೆಲುಕು ಹಾಕದಿರುವುದು, ಹೀಗೆ ವಾರವೆರಡು ಕಳೆಯಿತು. ಮೈ ಇಳಿದು ಎಲುಬು ಕಾಣಿಸತೊಡಗಿತು.

ಈ ಸಮಯಕ್ಕೆ ಸರಿಯಾಗಿ ವ್ಯಾಪಾರಿಯೊಬ್ಬನು ಅಂಗಳಕ್ಕೆ ಬಂದನು. ಇಂಥವರಿಗೆ ಸುದ್ದಿ ಹೇಗೆ ಮುಟ್ಟುತ್ತದೆಯೋ ತಿಳಿಯದು. ಒಂಟಿ ಕೋಣದಿಂದ ಉಳುಮೆಯಾಗದು, ಪ್ರಾಯ ಸಂದುದಕ್ಕೆ ಜೊತೆ ಸಿಕ್ಕದು, ಸುಮ್ಮನೆ ಹುಲ್ಲು ದಂಡ ಎಂದು ಅವನು ಲೆಕ್ಕವನ್ನು ಬಿಡಿಸಿ ಹೇಳಿದನು. ಲೆಕ್ಕವು ತಪ್ಪಾಗಿರಲಿಲ್ಲ. ನಮ್ಮ ರಾಜ್ಯದಲ್ಲಿ ೨೦೨೦ರ ಜಾನುವಾರು ಸಂರಕ್ಷಣೆಯ ಕಾನೂನು ಎಮ್ಮೆ ಕೋಣಗಳ ವಧೆಯ ವಿಷಯದಲ್ಲಿ ಹದಿಮೂರು ವರ್ಷಕ್ಕೆ ಗೆರೆಯನ್ನು ಎಳೆಯಿತು. ಅದರ ಕೆಳಗಿನ ಪ್ರಾಯದವುಗಳಿಗೆ ಮಾತ್ರ ಆ ನಿಷೇಧ. ದೂಜನಿಗೆ ಆ ಗೆರೆ ಇನ್ನೊಂದು ವರ್ಷದ ದೂರದಲ್ಲಿತ್ತು. “ಈಗ ಬೇಡವಾದರೆ ಬರುವ ವರ್ಷ ಬರುತ್ತೇನೆ” ಎಂದು ವ್ಯಾಪಾರಿ ಎದ್ದುಹೋದನು.

ಆ ರಾತ್ರಿ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಅತ್ತೆಯ ಮಗನಾದ ಭಾವನಿಗೆ ಸಂಸಾರದ ಭಾರವೆಲ್ಲ ಇರುವುದರಿಂದ, ಕೆಲಸವಿಲ್ಲದ ಕೋಣವನ್ನು ಸಾಕುವುದು ಹೇಗೆಂಬ ಚಿಂತೆ. ಮೊಮ್ಮಗನು ಇಪ್ಪತ್ತೆರಡರ ಹುಡುಗ. ಅವನಿಗೆ ಕಂಬಳದ ಹುಚ್ಚು. ಒಂದು ಪಡ್ಡೆ ಕೋಣವನ್ನು ತಂದು ದೂಜನಿಗೆ ಜೊತೆಮಾಡಿ ಓಡಿಸೋಣವೆಂದು ಅವನ ಹಟ. ಅತ್ತೆಯಾದರೋ, “ಉತ್ತು ಅನ್ನ ಹಾಕಿದ ಕೋಣ. ಮಾರುವುದೂ ಬೇಡ, ಓಡಿಸಿ ಕೊಲ್ಲುವುದೂ ಬೇಡ” ಎಂದು ಪಟ್ಟುಹಿಡಿದರು. ಮೂವರ ಮಾತಿನಲ್ಲಿಯೂ ನ್ಯಾಯವಿತ್ತು. ಮನೆಯ ತಂಟೆಗಳು ಸುಲಭವಾಗಿ ತೀರದಿರುವುದಕ್ಕೆ ಇದೇ ಕಾರಣವಲ್ಲವೇ?

ಇಲ್ಲಿ ಕಂಬಳವನ್ನು ನೋಡದ ವಾಚಕರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಕೆಸರು ಮಾಡಿದ ನೀರುಗದ್ದೆಯಲ್ಲಿ ಜೊತೆ ಕೋಣಗಳನ್ನು ಓಡಿಸುವುದೇ ಕಂಬಳ. ಪೂಕರೆಯನ್ನು ನೆಟ್ಟು ದೈವದೇವರ ಹೆಸರಿನಲ್ಲಿ ನಡೆಯುವ ಒಂಟಿಕರೆಯ ಕಂಬಳಗಳು ಹಳೆಯವು. ಅವುಗಳಲ್ಲಿ ಓಟಕ್ಕಿಂತ ಸೇವೆಯೇ ಮುಖ್ಯ. ಎರಡು ಕರೆಗಳನ್ನು ಪಕ್ಕಪಕ್ಕದಲ್ಲಿ ಮಾಡಿ ಪಂದ್ಯವನ್ನು ನಡೆಸುವ ಜೋಡುಕರೆಯ ಕಂಬಳಗಳು ಈಗ ಹೆಸರಾಗಿವೆ. ಕಾಪು ತಾಲೂಕಿನ ಕಟಪಾಡಿ, ಕಾರ್ಕಳದ ಮಿಯ್ಯಾರು, ತೆಂಕಲಿನ ಐಕಳ, ಮೂಡುಬಿದಿರೆ, ವೇಣೂರು, ಪುತ್ತೂರು ಮುಂತಾದ ಕಡೆಗಳಲ್ಲಿ ಅವು ನಡೆಯುತ್ತವೆ. ಹೊರಡುವ ಕಡೆಗೆ ಗಂತು ಎಂದೂ ಮುಟ್ಟುವ ಕಡೆಯ ಏರಿಗೆ ಮಂಜೊಟ್ಟಿ ಎಂದೂ ಹೆಸರು. ಹಗ್ಗ, ನೇಗಿಲು, ಅಡ್ಡಹಲಗೆ, ಕೆನೆಹಲಗೆ ಎಂದು ಓಟದಲ್ಲಿ ಭೇದಗಳಿವೆ. ನೊಗಕ್ಕೆ ಕಟ್ಟಿದ ಹಗ್ಗವನ್ನೇ ಹಿಡಿದು ಓಡುವುದು ಹಗ್ಗದ ಓಟ. ನೇಗಿಲ ಆಕಾರದ ಹಗುರವಾದ ಮರವನ್ನು ಹಿಡಿದು ಓಡುವುದು ನೇಗಿಲಿನ ಓಟ. ಕೆನೆಹಲಗೆಯಲ್ಲಿಯಾದರೋ ವೇಗಕ್ಕಿಂತ ನೀರು ಎಷ್ಟು ಎತ್ತರಕ್ಕೆ ಚಿಮ್ಮಿ ನಿಶಾನೆಗೆ ತಾಗಿತೆಂಬುದೇ ಲೆಕ್ಕ. ಹಿರಿಯ, ಕಿರಿಯ ಎಂಬ ವಿಭಾಗಗಳೂ ಇವೆ.

ವೇಗದ ಮಾತನ್ನು ಹೇಳುವುದಾದರೆ, ೨೦೨೦ನೆಯ ಇಸವಿಯ ಫೆಬ್ರವರಿಯಲ್ಲಿ ಐಕಳದ ಕರೆಯಲ್ಲಿ ಶ್ರೀನಿವಾಸ ಗೌಡರೆಂಬವರು ಕೋಣಗಳೊಡನೆ ೧೪೨.೫ ಮೀಟರನ್ನು ೧೩.೬೨ ಸೆಕೆಂಡಿನಲ್ಲಿ ಓಡಿದುದು ದೇಶವಿಡೀ ಸುದ್ದಿಯಾಯಿತು. ಕಂಬಳವು ನ್ಯಾಯಸ್ಥಾನದ ಮೆಟ್ಟಿಲನ್ನೂ ಹತ್ತಿ ಇಳಿದಿದೆ. ೨೦೧೪ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ವಿಷಯದಲ್ಲಿ ಕೊಟ್ಟ ತೀರ್ಪಿನ ನೆರಳು ಇದರ ಮೇಲೆಯೂ ಬಿತ್ತು. ೨೦೧೬ರ ನವೆಂಬರದಲ್ಲಿ ರಾಜ್ಯದ ಹೈಕೋರ್ಟು ಕಂಬಳಕ್ಕೆ ತಡೆಯನ್ನು ಕೊಟ್ಟಿತು. ಬಳಿಕ ರಾಜ್ಯದ ಶಾಸನಸಭೆ ಮಾಡಿದ ತಿದ್ದುಪಡಿಗೆ ೨೦೧೮ರಲ್ಲಿ ರಾಷ್ಟ್ರಪತಿಗಳ ಅಂಕಿತವಾಯಿತು. ೨೦೨೩ರ ಮೇ ೧೮ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠವು ಅದನ್ನು ಎತ್ತಿಹಿಡಿಯಿತು. ಕಾನೂನು ಅನುಮತಿ ಕೊಟ್ಟಿತೆಂದು ನಮ್ಮ ಕರ್ತವ್ಯವು ಮುಗಿಯಲಿಲ್ಲ. ಪ್ರಾಣಿಗೆ ಹಿಂಸೆಯಾಗಬಾರದೆಂಬ ನಿಬಂಧನೆಯನ್ನು ನಿಜವಾಗಿ ನಡೆಯಿಸಬೇಕಾದವರು ಹಟ್ಟಿಯಲ್ಲಿ ಅದಕ್ಕೆ ಹುಲ್ಲು ಹಾಕುವವರೇ.

ಈಗ ಕಥೆಗೆ ಬರೋಣ. ನೆರೆಮನೆಯಲ್ಲಿ ಒಬ್ಬ ವೃದ್ಧರಿದ್ದಾರೆ. ಪ್ರಾಯದಲ್ಲಿ ಅನೇಕ ಕರೆಗಳಲ್ಲಿ ಕೋಣಗಳನ್ನು ಓಡಿಸಿದವರು. ಈಗ ಮೊಣಕಾಲಿನ ನೋವಿನಿಂದ ಜಗಲಿಯಲ್ಲೇ ಕೂತಿರುವವರು. ಅತ್ತೆ ಅವರನ್ನು ಕರೆಸಿ ಕೇಳಿದರು. ಅವರು ದೂಜನ ಸುತ್ತ ಎರಡು ಸಲ ನಡೆದು, ಕಾಲಿನ ಗಂಟುಗಳನ್ನು ಒತ್ತಿ, ಗೊರಸನ್ನು ಎತ್ತಿ, ಕಣ್ಣಿನ ರೆಪ್ಪೆಯನ್ನು ಬಿಡಿಸಿ ನೋಡಿದರು. “ಇದು ಗೆಲ್ಲುವ ಕೋಣವಲ್ಲ. ಆದರೆ ಕೆಲಸವಿಲ್ಲದೆ ನಿಂತರೆ ಈ ಮಳೆಗಾಲವನ್ನು ದಾಟದು. ಜೊತೆ ಬೇಕು, ಕೆಲಸ ಬೇಕು. ಓಟವೆಂಬುದು ಅದರ ನೆಪವಾಗಲಿ” ಎಂದರು. ಅತ್ತೆ ಒಂದು ಷರತ್ತಿನ ಮೇಲೆ ಒಪ್ಪಿದರು: ಪಶುವೈದ್ಯರು ಪರೀಕ್ಷಿಸಿ ಆಗಬಹುದೆನ್ನಬೇಕು, ಮತ್ತು ತಾವು ಸಾಕು ಎಂದ ದಿನ, ಯಾರೂ ಕಾರಣವನ್ನು ಕೇಳದೆ ನಿಲ್ಲಿಸಬೇಕು. ಹುಡುಗನು ಅಜ್ಜಿಯ ಕೈಹಿಡಿದು ಮಾತುಕೊಟ್ಟನು.

ವೈದ್ಯರು ಎದೆಯನ್ನೂ ಉಸಿರನ್ನೂ ಪರೀಕ್ಷಿಸಿ, ಬಾಕಿಯಿದ್ದ ಚುಚ್ಚುಮದ್ದುಗಳನ್ನು ಹಾಕಿ, ಹಂತಹಂತವಾಗಿ ದುಡಿಸಬಹುದೆಂದರು. ಹತ್ತಿರದ ಊರಿನಿಂದ ನಾಲ್ಕು ಹಲ್ಲಿನ ಒಂದು ಪಡ್ಡೆ ಕೋಣವನ್ನು ತಂದರು. ಅದಕ್ಕೆ ಕುಟ್ಟಿ ಎಂದು ಹೆಸರಿಟ್ಟರು. ಮೊದಲ ಹತ್ತು ದಿನ ಪಾಠವೇ ಇಲ್ಲ; ಎರಡನ್ನೂ ಒಂದೇ ಹಟ್ಟಿಯಲ್ಲಿ ಕಟ್ಟಿ, ಒಂದೇ ಹೊತ್ತಿಗೆ ಮೇವು ಹಾಕಿ, ಒಟ್ಟಿಗೆ ಕೆರೆಗೆ ಇಳಿಸಿದುದಷ್ಟೆ. ಮೂರನೆಯ ದಿನ ದೂಜ ಮೇವಿಗೆ ಬಾಯಿಹಾಕಿತು. ಹತ್ತನೆಯ ದಿನ ರಾತ್ರಿ ಅದು ಮಲಗಿ ಮೆಲುಕು ಹಾಕುವ ಶಬ್ದವನ್ನು ಅತ್ತೆ ಕಿಟಿಕಿಯ ಹತ್ತಿರ ನಿಂತು ಕೇಳಿದರಂತೆ.

ಪಾಠದ ಮೊದಲ ಹಂತ ನೀರಿನದು. ಎಳೆಯ ಕೋಣವನ್ನು ನೇರವಾಗಿ ಕೆಸರಿಗೆ ಇಳಿಸಿದರೂ ಅದರ ಗಂಟುಗಳು ತಡೆದುಕೊಳ್ಳುತ್ತವೆ. ಪ್ರಾಯ ಸಂದುದಕ್ಕೆ ಹಾಗಲ್ಲ. ಈಜುವಾಗ ಮೈಯ ಭಾರವನ್ನು ನೀರು ಹೊರುವುದರಿಂದ ಕಾಲುಗಳಿಗೆ ಆಯಾಸವಿಲ್ಲದೆ ಎದೆಗೆ ಮಾತ್ರ ವ್ಯಾಯಾಮವಾಗುತ್ತದೆ. ಅಲ್ಲದೆ ಕೋಣದ ಚರ್ಮವು ಕಪ್ಪು, ರೋಮವು ವಿರಳ, ಬೆವರಿನ ಗ್ರಂಥಿಗಳು ಎತ್ತಿಗಿಂತ ಬಹಳ ಕಡಮೆ. ಮೈಯ ಬಿಸಿಯನ್ನು ಕಳೆದುಕೊಳ್ಳಲು ಅದಕ್ಕೆ ನೀರೇ ದಾರಿ. ಆದುದರಿಂದ ಬೆಳಗ್ಗೆ ಬಿಸಿಲೇರುವುದರೊಳಗೆ ಕೆರೆಯಲ್ಲಿ ಈಜಿಸುವುದು, ಬಳಿಕ ತೆಂಗಿನೆಣ್ಣೆಯನ್ನು ಹಚ್ಚಿ ಕಾಲು ಬೆನ್ನುಗಳನ್ನು ತಿಕ್ಕುವುದು, ಮಧ್ಯಾಹ್ನ ನೆರಳು, ಇದು ಒಂದು ತಿಂಗಳ ಕ್ರಮ.

ಮೇವಿನ ವಿಷಯದಲ್ಲಿ ನಮ್ಮ ಹುಡುಗನು ಒಂದು ದೊಡ್ಡ ತಪ್ಪನ್ನು ಮಾಡಿದನು. ಅದನ್ನು ಮುಚ್ಚಿಡದೆ ಹೇಳುತ್ತೇನೆ. ಓಟದ ಕೋಣಕ್ಕೆ ಹುರುಳಿಯನ್ನು ಬೇಯಿಸಿ ಕೊಡುವುದು ರೂಢಿ. ವೃದ್ಧರು ಮೊದಲಿಗೆ ಒಂದು ಹಿಡಿಯೆಂದಿದ್ದರು. ಹುಡುಗನು ಬೇಗನೆ ಬಲ ಬರಲೆಂದು ನಾಲ್ಕನೆಯ ದಿನವೇ ಎರಡು ಸೇರು ಹುರುಳಿಯ ಜೊತೆಗೆ ಅಕ್ಕಿಯ ಗಂಜಿಯನ್ನೂ ಸುರಿದನು. ಸಂಜೆಗೆ ದೂಜನ ಹೊಟ್ಟೆ ಉಬ್ಬಿ, ಮೆಲುಕು ನಿಂತು, ಕಾಲು ಮಡಚಿ ಕೂತಿತು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಹುಲ್ಲನ್ನು ಕರಗಿಸುವ ಸೂಕ್ಷ್ಮಜೀವಿಗಳಿರುತ್ತವೆ. ಫಕ್ಕನೆ ಕಾಳು ಹಿಟ್ಟುಗಳು ಹೆಚ್ಚಾದರೆ ಹೊಟ್ಟೆಯು ಹುಳಿಯೇರಿ ಆ ಜೀವಿಗಳು ಸಾಯುತ್ತವೆ, ಪ್ರಾಣಿಯೂ ಸಾಯಬಹುದು. ವೈದ್ಯರು ರಾತ್ರಿಯಲ್ಲಿಯೇ ಬಂದುದರಿಂದ ಅದು ಉಳಿಯಿತು. ಹುಡುಗನು ಬೆಳಗಿನ ತನಕ ಹಟ್ಟಿಯಲ್ಲಿ ಕುಳಿತು ಅತ್ತನೆಂದು ಅವನ ತಾಯಿ ಹೇಳಿದರು. ಬೈಗಳ ಅಗತ್ಯವು ಯಾರಿಗೂ ಕಾಣಲಿಲ್ಲ. ಅಲ್ಲಿಂದ ಮೇಲೆ ಹಿಡಿಯಿಂದ ತೊಡಗಿ ಮೂರು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಏರಿಸಿದರು. ಸವೆದ ಹಲ್ಲಿಗೆ ಸುಲಭವಾಗಲೆಂದು ಹುರುಳಿಯನ್ನು ಮೆತ್ತಗೆ ಬೇಯಿಸಿ, ಹುಲ್ಲನ್ನು ತುಂಡುಮಾಡಿ ಹಾಕತೊಡಗಿದರು. ಈ ಕೆಲಸವೆಲ್ಲ ಅತ್ತೆಯದೂ ಸೊಸೆಯದೂ ಆಗಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಎರಡನೆಯ ಹಂತ ಕೆಸರಿನದು. ಏಣೆಲಿನ ಕೊಯ್ಲಾದ ಮೇಲೆ ಒಂದು ಗದ್ದೆಯನ್ನು ಹದಮಾಡಿ ಹೊಯಿಗೆ ಬೆರಸಿದರು. ಅದರಲ್ಲಿ ಮೊದಲು ನಡಿಗೆ, ಆಮೇಲೆ ದಾಪುಗಾಲು, ಆಮೇಲೆ ಅರ್ಧ ಗದ್ದೆಯ ಓಟ. ಒಂದು ದಿನ ಪಾಠವಾದರೆ ಮರುದಿನ ಬಿಡುವು. ದೂಜ ಯಾವಾಗಲೂ ನೊಗದ ಎಡಗಡೆಯಲ್ಲಿ ನಡೆದ ಕೋಣ. ಆದುದರಿಂದ ಅದನ್ನು ಎಡಕ್ಕೇ ಕಟ್ಟಿ ಕುಟ್ಟಿಯನ್ನು ಬಲಕ್ಕೆ ಹಾಕಿದರು. ಹಳೆಯ ಪ್ರಾಣಿಯ ಪಕ್ಕವನ್ನು ಬದಲಾಯಿಸಿದರೆ ಅರ್ಧ ಬುದ್ಧಿ ಅದರಲ್ಲಿಯೇ ವ್ಯಯವಾಗುತ್ತದೆಯೆಂದು ವೃದ್ಧರ ಅಭಿಪ್ರಾಯ.

ನಿಜವಾದ ಕಷ್ಟವು ಇಲ್ಲಿ ಕಾಣಿಸಿತು. ದೂಜ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಮುಂದೆ ಕಟ್ಟಹುಣಿ ಹತ್ತಿರವಾಯಿತೆಂದರೆ ಓಟವನ್ನು ತಗ್ಗಿಸಿ ಎಡಕ್ಕೆ ತಿರುಗುತ್ತಿತ್ತು. ಕುಟ್ಟಿ ನೇರವಾಗಿ ನುಗ್ಗಿ, ನೊಗ ಓರೆಯಾಗಿ, ಹುಡುಗನು ಕೆಸರಿನಲ್ಲಿ ಬೀಳುತ್ತಿದ್ದನು. ನಾಲ್ಕು ಸಲ ಹೀಗಾದಾಗ ಹುಡುಗನು ಸಿಟ್ಟಿನಿಂದ ಬೆತ್ತವನ್ನೆತ್ತಿದನು. ವೃದ್ಧರು ಹುಣಿಯ ಮೇಲಿಂದಲೇ ಗದರಿಸಿದರು: “ಅದು ತಪ್ಪುಮಾಡಲಿಲ್ಲ. ನಿನ್ನ ಅಜ್ಜಿ ಒಂಬತ್ತು ವರ್ಷ ಕಲಿಸಿದ್ದನ್ನು ಅದು ಮರೆಯಲಿಲ್ಲ.” ನೋಡಿರಿ, ಉಳುವ ಕೋಣಕ್ಕೆ ಹುಣಿಯೆಂದರೆ ತಿರುಗುವ ಜಾಗ. ಸಾವಿರಾರು ಸಾಲುಗಳಲ್ಲಿ ಕಲಿತ ವಿದ್ಯೆ ಅದು. ಒಳ್ಳೆಯ ಉಳುಮೆಯ ಕೋಣದ ಗುಣವೇ ಓಟದಲ್ಲಿ ದೋಷವಾಗಿ ಕಂಡಿತು. ಎಳೆಯದಕ್ಕೆ ಹೊಸತನ್ನು ಕಲಿಸಿದರೆ ಸಾಕು; ಪ್ರಾಯ ಸಂದುದಕ್ಕೆ ಹಳೆಯದನ್ನು ಬಿಡಿಸಿದ ಮೇಲೆ ಹೊಸತು. ಬಿಡಿಸುವುದಕ್ಕೆ ಹೊಡೆತವು ಸಾಧನವಲ್ಲ. ಹೊಡೆದರೆ ಅದು ಹುಣಿಯ ಜೊತೆಗೆ ಮನುಷ್ಯನಿಗೂ ಹೆದರತೊಡಗುತ್ತದೆ.

ವೃದ್ಧರು ಹೇಳಿದ ಉಪಾಯವು ಸರಳವಾಗಿತ್ತು. ಗದ್ದೆಯ ಕೊನೆಯ ಹುಣಿಯನ್ನು ಕಡಿದು ಮಂಜೊಟ್ಟಿಯಂತೆ ಇಳಿಜಾರಾದ ಏರಿಯನ್ನು ಮಾಡಿದರು. ಅತ್ತೆ ಅದರ ಮೇಲೆ ನೀರಿನ ಬಾನಿಯನ್ನೂ ಒಂದು ಹಿಡಿ ಹಸಿ ಹುಲ್ಲನ್ನೂ ಇಟ್ಟುಕೊಂಡು ನಿಲ್ಲಬೇಕು. ಮೊದಲ ವಾರ ದೂಜನನ್ನು ಒಂಟಿಯಾಗಿ, ನೊಗವಿಲ್ಲದೆ, ಬರಿಯ ಹಗ್ಗದಲ್ಲಿ ನಡೆಯಿಸಿ ಏರಿಯನ್ನು ಹತ್ತಿಸಿದರು. ಹತ್ತಿದೊಡನೆ ಹುಲ್ಲು, ನೀರು, ಮೈತಡವಿಕೆ. ಎರಡನೆಯ ವಾರ ದಾಪುಗಾಲು. ಮೂರನೆಯ ವಾರ ಕುಟ್ಟಿಯ ಜೊತೆಗೆ. ಅತ್ತೆಯ ಧ್ವನಿಯನ್ನು ಕೇಳಿ ದೂಜ ತಿರುಗುವುದನ್ನು ಮರೆತು ನೇರವಾಗಿ ಏರತೊಡಗಿತು. ಇನ್ನೊಂದು ಲಾಭವೂ ಆಯಿತು. ಹೊರಡುವಾಗ ಬೆದರಿ ಎಳೆದಾಡುತ್ತಿದ್ದ ಕುಟ್ಟಿ, ಪಕ್ಕದಲ್ಲಿ ಹಿರಿದು ಶಾಂತವಾಗಿ ನಿಂತುದನ್ನು ನೋಡಿ ತಾನೂ ನಿಲ್ಲುವುದನ್ನು ಕಲಿಯಿತು.

ಅಮೇರಿಕ ದೇಶದಲ್ಲಿಯೂ ಇದಕ್ಕೆ ಸಮಾನವಾದ ಒಂದು ಸಂಗತಿಯಿದೆ. ಅಲ್ಲಿ ಮೂರು ಪೀಪಾಯಿಗಳನ್ನು ನಿಲ್ಲಿಸಿ ಅವುಗಳ ಸುತ್ತ ಕುದುರೆಯನ್ನು ಓಡಿಸುವ ಪಂದ್ಯವು ಹೆಂಗಸರಲ್ಲಿ ಬಹಳ ಪ್ರಸಿದ್ಧ. ೧೯೪೮ರಲ್ಲಿಯೇ ಟೆಕ್ಸಾಸ್ ಪ್ರಾಂತದ ಸ್ತ್ರೀಯರು ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಅಲ್ಲಿ ಸ್ಕಾಂಪರ್ ಎಂಬ ಕುದುರೆಯಿತ್ತು. ದನದ ದೊಡ್ಡಿಯಲ್ಲಿ ದುಡಿಯುತ್ತಿದ್ದ ಅದನ್ನು ಶಾರ್ಮೇನ್ ಜೇಮ್ಸ್ ಎಂಬ ಬಾಲಿಕೆ ಪಳಗಿಸಿ, ೧೯೮೪ರಿಂದ ೧೯೯೩ರ ವರೆಗೆ ಒಂದೂ ತಪ್ಪದಂತೆ ಹತ್ತು ವರ್ಷ ಜಗತ್ತಿನ ಪ್ರಶಸ್ತಿಯನ್ನು ಗೆದ್ದಳು. ಕಡೆಯ ಗೆಲವಿನ ಕಾಲಕ್ಕೆ ಕುದುರೆಗೆ ಹದಿನಾರು ವರ್ಷ. ೧೯೮೫ರ ಪಂದ್ಯದಲ್ಲಿ ಅದರ ಕಡಿವಾಣವೇ ಕಳಚಿ ಬಿದ್ದರೂ ಅದು ದಾರಿಯನ್ನು ತಪ್ಪಲಿಲ್ಲ. ಹಿರಿಯ ಪ್ರಾಣಿಯ ಬಲವು ಕಾಲಿನಲ್ಲಿ ಮಾತ್ರವಿರುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ. ಆದರೆ ಎಲ್ಲ ಕುದುರೆಗಳೂ ಸ್ಕಾಂಪರ್ ಅಲ್ಲ. ನಮ್ಮ ದೂಜನಂತೂ ಅಲ್ಲ.

ಎಲ್ಲಿ ನಿಲ್ಲಿಸಬೇಕೆಂಬುದನ್ನು ತಿಳಿಯುವ ಕ್ರಮವನ್ನೂ ಹೇಳಬೇಕು. ವೃದ್ಧರು ಹುಡುಗನಿಗೆ ಮೂರು ಪರೀಕ್ಷೆಗಳನ್ನು ಕಲಿಸಿದರು. ಮೊದಲನೆಯದು ಉಸಿರು. ವಿಶ್ರಾಂತಿಯಲ್ಲಿರುವ ಕೋಣವು ನಿಮಿಷಕ್ಕೆ ಇಪ್ಪತ್ತರ ಆಸುಪಾಸಿನಲ್ಲಿ ಉಸಿರಾಡುತ್ತದೆ. ಪಕ್ಕೆಯನ್ನು ನೋಡಿ ಎಣಿಸಬಹುದು. ಓಟದ ಬಳಿಕ ನೆರಳಿನಲ್ಲಿ ನಿಲ್ಲಿಸಿ ನೀರು ಹೊಯ್ದು, ಕಾಲು ಗಂಟೆಯಾದರೂ ಉಸಿರು ಇಳಿಯದಿದ್ದರೆ ಆ ದಿನಕ್ಕೆ ಪಾಠವು ಮುಗಿಯಿತು. ಎರಡನೆಯದು ಕಾಲು. ಮರುದಿನ ಬೆಳಗ್ಗೆ ಹಟ್ಟಿಯಿಂದ ಹೊರಡುವಾಗಿನ ಮೊದಲ ಹತ್ತು ಹೆಜ್ಜೆಗಳನ್ನು ನೋಡಬೇಕು. ಅಲ್ಲಿ ಕುಂಟು ಕಂಡರೆ ಬಿಡುವು. ಮೂರನೆಯದು ಮೆಲುಕು. ರಾತ್ರಿ ಮಲಗಿ ನೆಮ್ಮದಿಯಿಂದ ಮೆಲುಕು ಹಾಕಿದರೆ ಪ್ರಾಣಿಗೆ ಸುಖವಿದೆಯೆಂದು ತಿಳಿಯಬೇಕು. ಈ ಮೂರನೆಯ ಪರೀಕ್ಷೆಯ ಲೆಕ್ಕವು ಅತ್ತೆಯ ಕೈಯಲ್ಲಿತ್ತು.

ಮಕರ ಮಾಸ ಕಳೆದ ಮೇಲೆ ನೆರೆಯೂರಿನ ಒಂದು ಸಣ್ಣ ಕಂಬಳಕ್ಕೆ ಜೊತೆಯನ್ನು ಕೊಂಡುಹೋದರು. ನೇಗಿಲಿನ ಓಟ. ನಾನೂ ಹೋಗಿದ್ದೆ. ಹಣೆಗೆ ಪಟ್ಟಿ ಕಟ್ಟಿ, ಎಣ್ಣೆ ಹಚ್ಚಿ ಹೊಳೆಯುವ ಮೈಯಿಂದ ದೂಜ ಗಂತಿನಲ್ಲಿ ನಿಂತುದನ್ನು ಕಂಡಾಗ, ಆಷಾಢದಲ್ಲಿ ಎಲುಬು ಬಿಟ್ಟಿದ್ದ ಕೋಣವು ಇದೇ ಎಂದು ನಂಬುವುದಕ್ಕಾಗಲಿಲ್ಲ. ವಾದ್ಯದ ಗದ್ದಲಕ್ಕೆ ಕುಟ್ಟಿ ಬೆದರಿತು, ದೂಜ ಅಲುಗಲಿಲ್ಲ. ಓಡಿದರು. ಎದುರಿನ ಜೊತೆಯು ಅರ್ಧಕ್ಕೇ ಮುಂದಾಯಿತು. ನಮ್ಮವರ ಲಕ್ಷ್ಯವೆಲ್ಲ ಗೆಲವಿನ ಮೇಲಿರಲಿಲ್ಲ. ಕರೆಯ ಕೊನೆ ಬಂದಾಗ ದೂಜ ತಿರುಗುವುದೋ ನೇರವಾಗಿ ಹೋಗುವುದೋ ಎಂದು ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದರು. ದೂಜ ನೇರವಾಗಿ ಮಂಜೊಟ್ಟಿಯನ್ನು ಹತ್ತಿ, ಜನರ ನಡುವೆ ಅತ್ತೆಯನ್ನು ಹುಡುಕಿಕೊಂಡು ಬಂದು ನಿಂತಿತು. ಸೋತ ಜೊತೆಯ ಬಳಿ ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಆ ಮೇಲೆ ಹುಡುಗನಿಗೆ ಆಸೆ ಹುಟ್ಟಿತು. ಇನ್ನೊಂದು ತಿಂಗಳು ಕಲಿಸಿದರೆ ಜೋಡುಕರೆಗೆ ಕೊಂಡುಹೋಗಬಹುದೆಂದು ಅವನ ಲೆಕ್ಕ. ಮೂರು ದಿನ ಕಳೆದು ಪಾಠವು ಪುನಃ ತೊಡಗಿತು. ಉಸಿರು ಸರಿಯಾಗಿಯೇ ಇತ್ತು. ಮರುದಿನ ಬೆಳಗ್ಗೆ ಹೊರಡುವಾಗ ಹಿಂದಿನ ಬಲಗಾಲು ಎರಡು ಹೆಜ್ಜೆಗೆ ಮಾತ್ರ ತಡೆಯಿತು. ಆಮೇಲೆ ಏನೂ ಇಲ್ಲ. ಹುಡುಗನಿಗೆ ಕಾಣಲಿಲ್ಲ, ಭಾವನಿಗೂ ಕಾಣಲಿಲ್ಲ. ಅತ್ತೆ ಜಗಲಿಯಿಂದಲೇ, “ಸಾಕು” ಎಂದರು.

ಹುಡುಗನ ಮುಖವು ಬಾಡಿತು. ಎಳೆಯರ ಮನಸ್ಸು, ಎರಡೇ ಹೆಜ್ಜೆಯಲ್ಲವೇ ಎಂಬ ಮಾತು ಬಾಯಿಯ ತನಕ ಬಂದಿರಬೇಕು. ಆದರೆ ಕೊಟ್ಟ ಮಾತನ್ನು ನೆನೆದು ಕಾರಣವನ್ನು ಕೇಳಲಿಲ್ಲ. ನೊಗವನ್ನು ಇಳಿಸಿ, ದೂಜನನ್ನು ಕೆರೆಗೆ ಕೊಂಡುಹೋಗಿ ಮೈತೊಳೆದು, ಹಿಂದಕ್ಕೆ ತಂದು ಕಟ್ಟಿದನು. ಬಳಿಕ ವೈದ್ಯರು ನೋಡಿ, ಹಿಂದಿನ ಕಾಲಿನ ಗಂಟಿನಲ್ಲಿ ಸವೆತವು ತೊಡಗಿದೆಯೆಂದೂ, ಇನ್ನೂ ಓಡಿಸಿದ್ದರೆ ಶಾಶ್ವತವಾಗಿ ಕುಂಟಾಗುತ್ತಿತ್ತೆಂದೂ ಹೇಳಿದರು. ಅದನ್ನು ಕೇಳಿದ ಮೇಲೆ ಹುಡುಗನಿಗೆ ಇದ್ದ ಕಹಿಯೂ ಕಳೆಯಿತೆಂದು ನನಗೆ ತೋರುತ್ತದೆ.

ದೂಜನಿಗೆ ಈಗ ಹದಿಮೂರು ತುಂಬಿದೆ. ಕುಟ್ಟಿಗೆ ಸಮಪ್ರಾಯದ ಬೇರೊಂದು ಜೊತೆಯನ್ನು ತಂದಾಗಿದೆ. ಆ ಹೊಸತು ಗಂತಿನಲ್ಲಿ ನಿಲ್ಲಲು ಹೆದರಿದಾಗ ದೂಜನನ್ನು ಪಕ್ಕದಲ್ಲಿ ತಂದು ನಿಲ್ಲಿಸುತ್ತಾರೆ. ಓಟವಿಲ್ಲ, ನಿಲ್ಲುವ ಪಾಠವನ್ನು ಕಲಿಸುವುದಷ್ಟೇ ಅದರ ಉದ್ಯೋಗ. ಹೇಳಿದ ಮಾತಿನಂತೆ ವ್ಯಾಪಾರಿಯು ಈ ಮಳೆಗಾಲದಲ್ಲಿ ಪುನಃ ಅಂಗಳಕ್ಕೆ ಬಂದಿದ್ದನು. ಈ ಸಲ ಅವನಿಗೆ ಉತ್ತರ ಕೊಟ್ಟವನು ಭಾವ. “ಅದಕ್ಕೆ ಇಲ್ಲಿ ಕೆಲಸವಿದೆ” ಎಂದನಂತೆ.

ವಾಚಕರೇ, ಎಲ್ಲರ ಮನೆಯಲ್ಲಿ ಕೋಣಗಳಿರುವುದಿಲ್ಲ. ಆದರೆ ಬಹಳ ವರ್ಷ ದುಡಿದು, ಜೊತೆಯನ್ನು ಕಳೆದುಕೊಂಡು, ತನಗಿನ್ನು ಕೆಲಸವಿಲ್ಲವೆಂದು ಮೂಲೆಯಲ್ಲಿ ಕೂತ ಹಿರಿಯರು ಅನೇಕ ಮನೆಗಳಲ್ಲಿ ಇರುತ್ತಾರೆ. ಅವರಿಗೆ ಏನು ಮಾಡಬೇಕೆಂದು ನಾನು ಉಪದೇಶಿಸಲಾರೆ. ಸಂತೆಕಟ್ಟೆಯ ಹಟ್ಟಿಯಲ್ಲಿ ಕಂಡುದನ್ನು ಕಂಡಂತೆ ಬರೆದಿದ್ದೇನೆ. ಮುಂಗಾರಿಗೆ ಮೊದಲು ಹಟ್ಟಿಯ ಚುಚ್ಚುಮದ್ದುಗಳನ್ನು ಹಾಕಿಸುವುದನ್ನು ಮಾತ್ರ ಮರೆಯಬೇಡಿರಿ.

ಮುಂದಿನ ತಿಂಗಳು ಮಳೆಗಾಲಕ್ಕೆ ಸಂಡಿಗೆ ಹಪ್ಪಳಗಳನ್ನು ಕೆಡದಂತೆ ಇಡುವ ವಿಷಯ.